ಟಿ.ವಿ. ಬೋರ್ಡಿಗೆ ಬೆಲೆ ನಂಬರಿನಿಂದ, ತೂಕದಿಂದಲ್ಲ

ಮಾನ್ಯ ಸಂಪಾದಕರೇ,

ಆಯುಧಪೂಜೆಯಿಂದ ದೀಪಾವಳಿವರೆಗಿನ ದಿನಗಳಲ್ಲಿ ಯಾವ ಊರಿನ ಗುಜರಿ ಅಂಗಡಿ ಮುಂದೆ ನಿಂತರೂ ಪರದೆ ಒಡೆದ ಎಲ್‌ಇಡಿ ಟಿ.ವಿ.ಗಳು ಕಣ್ಣಿಗೆ ಬೀಳುತ್ತವೆ. ಹಬ್ಬದ ಆಫರ್‌ನಲ್ಲಿ ಹೊಸದು ಬಂತು, ಹಳೆಯದು ಹೊರಗೆ ಹೋಯಿತು. ಗುಜರಿಯವರು ಅದನ್ನು ಸುತ್ತಿಗೆ ಹಾಕಿ ಬಿಚ್ಚುತ್ತಾರೆ. ತಗಡು ಬೇರೆ, ಪ್ಲಾಸ್ಟಿಕ್ ಬೇರೆ, ಬೋರ್ಡು ಬೇರೆ, ಎಲ್ಲವೂ ತಕ್ಕಡಿಗೆ. ಅದೇ ಹೊತ್ತಿಗೆ ಸಿರಾದಲ್ಲೋ ಸಿಂಧನೂರಿನಲ್ಲೋ ಒಬ್ಬ ಮೆಕ್ಯಾನಿಕ್, ಬೋರ್ಡು ಸುಟ್ಟ ಟಿ.ವಿ.ಯೊಂದನ್ನು ಮೇಜಿನ ಮೇಲಿಟ್ಟುಕೊಂಡು, ಅಂಥದ್ದೇ ಬೋರ್ಡು ಸಿಗುತ್ತದೆಯೇ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಒಂದರ ಹಿಂದೆ ಒಂದು ಫೋನ್ ಮಾಡುತ್ತಿರುತ್ತಾನೆ. ಬೇಕಾದವನಿಗೆ ಸಿಗಬೇಕಾದ ಬೋರ್ಡು ತಕ್ಕಡಿಗೆ ಹೋಗದಂತೆ ಏನು ಮಾಡಬಹುದು ಎಂಬುದಕ್ಕೆ ಈ ಪತ್ರ.

ಟಿ.ವಿ.ಯ ಖರ್ಚಿನಲ್ಲಿ ಸಿಂಹಪಾಲು ಪ್ಯಾನೆಲ್‌ನದು, ಅಂದರೆ ಪರದೆಯದು. ಮಗು ಎಸೆದ ಆಟಿಕೆ ತಗುಲಿಯೋ, ಸ್ಟ್ಯಾಂಡ್ ಜಾರಿಯೋ ಗಾಜು ಸೀಳಿತೆಂದರೆ ಹೊಸ ಪ್ಯಾನೆಲ್‌ನ ಬೆಲೆ ಹೊಸ ಟಿ.ವಿ.ಯ ಹತ್ತಿರ ಹತ್ತಿರ ಬರುತ್ತದೆ. ಯಾರೂ ಹಾಕಿಸುವುದಿಲ್ಲ. ಆದರೆ ಆ ಟಿ.ವಿ.ಯೊಳಗಿನ ಪವರ್ ಬೋರ್ಡು, ಮೇನ್ ಬೋರ್ಡು, ಪರದೆಗೆ ಚಿತ್ರದ ಸಂಕೇತ ಹಂಚುವ ಟಿ-ಕಾನ್ ಬೋರ್ಡು, ಪರದೆಗೆ ಹಿಂದಿನಿಂದ ಬೆಳಕು (ಬ್ಯಾಕ್‌ಲೈಟ್) ಕೊಡುವ ಎಲ್‌ಇಡಿ ಪಟ್ಟಿಗಳು, ಸ್ಪೀಕರ್, ವೈಫೈ ಮಾಡ್ಯೂಲ್, ರಿಮೋಟಿನ ಸಂಕೇತ ಹಿಡಿಯುವ ಸೆನ್ಸರ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಇನ್ನೊಂದು ಕಡೆ, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಡಿಷ್ ಅಥವಾ ಕೇಬಲ್ ತಂತಿಯ ಮೂಲಕ ಸಿಡಿಲಿನ ಏಟು ಒಳಗೆ ಬಂದು ಟ್ಯೂನರ್, ಎಚ್‌ಡಿಎಂಐ ಪೋರ್ಟ್ ಸುಟ್ಟುಕೊಂಡ ಟಿ.ವಿ.ಗಳಿರುತ್ತವೆ. ಅವುಗಳ ಪ್ಯಾನೆಲ್‌ಗೆ ಏನೂ ಆಗಿರುವುದಿಲ್ಲ. ನಾಲ್ಕೈದು ವರ್ಷ ಹಳೆಯ ಮಾಡೆಲ್ ಆದರೆ ಕಂಪನಿಯಿಂದ ಬೋರ್ಡು ಸಿಗುವುದು ಕಷ್ಟ. ಒಂದರ ಬೋರ್ಡು ಇನ್ನೊಂದಕ್ಕೆ ಹೋದರೆ ಮುಗಿಯಿತು.

ಹಾಗೆ ಹೋಗಲು ಬೇಕಾದ್ದು ನಂಬರು. ಈ ವ್ಯಾಪಾರದಲ್ಲಿ ಹೆಚ್ಚು ಜನ ಎಡವುವುದೂ ಇಲ್ಲಿಯೇ. ಹಿಂಬದಿಯ ಸ್ಟಿಕ್ಕರ್ ಮೇಲಿನ ಮಾಡೆಲ್ ನಂಬರ್ ನೋಡಿ ಬೋರ್ಡು ಮಾರಿದರೆ ಅರ್ಧ ಮಾಲು ವಾಪಸ್ ಬರುತ್ತದೆ. ಒಂದೇ ಮಾಡೆಲ್ ಹೆಸರಿನಲ್ಲಿ ಕಂಪನಿಗಳು ಎರಡು-ಮೂರು ಬಗೆಯ ಪ್ಯಾನೆಲ್ ಹಾಕಿರುತ್ತವೆ, ಅದಕ್ಕೆ ತಕ್ಕಂತೆ ಬೋರ್ಡೂ ಬದಲಾಗಿರುತ್ತದೆ. ಬೋರ್ಡಿನ ಮೇಲೂ ಎರಡು ನಂಬರ್ ಇರುತ್ತವೆ. ಬಿಳಿ ಬಣ್ಣದಲ್ಲಿ ಅಚ್ಚಾಗಿರುವುದು ಬರೀ ಹಸಿರು ಹಲಗೆಯ ನಂಬರು. ಅಂಟಿಸಿದ ಸ್ಟಿಕ್ಕರ್ ಮೇಲಿರುವುದು ಬಿಡಿಭಾಗ, ಸಾಫ್ಟ್‌ವೇರ್ ಎಲ್ಲ ಸೇರಿದ ಪೂರ್ಣ ಬೋರ್ಡಿನ ನಂಬರು. ಎಲ್‌ಜಿಯಲ್ಲಿ ಅಚ್ಚಿನ ನಂಬರ್ ‘ಇಎಎಕ್ಸ್’ ಎಂದು ಶುರುವಾದರೆ ಮೇನ್ ಬೋರ್ಡಿನ ಸ್ಟಿಕ್ಕರ್ ‘ಇಬಿಟಿ’ ಎಂದು ಶುರುವಾಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಅಚ್ಚಿನದು ‘ಬಿಎನ್41’, ಸ್ಟಿಕ್ಕರ್‌ನದು ‘ಬಿಎನ್94’, ಪವರ್ ಬೋರ್ಡಿನದು ‘ಬಿಎನ್44’. ಅಚ್ಚಿನ ನಂಬರ್ ಒಂದೇ ಇದ್ದು ಸ್ಟಿಕ್ಕರ್ ಬೇರೆಯಾಗಿದ್ದರೆ, ಬೋರ್ಡು ನೋಡಲು ಅವಳಿಯಂತಿದ್ದರೂ ಪರದೆಯಲ್ಲಿ ಚಿತ್ರ ತಲೆಕೆಳಗಾಗಬಹುದು, ಬಣ್ಣ ಹಳೆಯ ಫೋಟೋ ನೆಗೆಟಿವ್‌ನಂತೆ ತಿರುಗಬಹುದು, ಒಂದೇ ಚಿತ್ರ ಎರಡಾಗಿ ಕಾಣಬಹುದು. ಅದು ಬೋರ್ಡಿನ ದೋಷವಲ್ಲ, ಹೊಂದಾಣಿಕೆಯ ದೋಷ. ಕೆಲವು ಬೋರ್ಡುಗಳಲ್ಲಿ ಮೆಕ್ಯಾನಿಕ್‌ಗಳಿಗೆಂದೇ ಇರುವ ಸರ್ವಿಸ್ ಮೆನುಗೆ ಹೋಗಿ ಪ್ಯಾನೆಲ್ ಬಗೆ ಬದಲಿಸಿದರೆ ಸರಿಹೋಗುತ್ತದೆ, ಕೆಲವಕ್ಕೆ ಸಾಫ್ಟ್‌ವೇರನ್ನೇ ಮತ್ತೆ ತುಂಬಬೇಕು.

ಪ್ಯಾನೆಲ್‌ಗೂ ತನ್ನದೇ ನಂಬರಿದೆ. ಅದು ಹಿಂಬದಿ ಮುಚ್ಚಳ ತೆಗೆದ ಮೇಲೆ ಒಳಗಿನ ತಗಡಿನ ಮೇಲಿನ ಸ್ಟಿಕ್ಕರ್‌ನಲ್ಲಿ ಕಾಣುತ್ತದೆ. ಟಿ-ಕಾನ್ ಮಾರುವಾಗ ಟಿ.ವಿ.ಯ ಕಂಪನಿ ಹೆಸರು ಯಾವ ಪ್ರಯೋಜನಕ್ಕೂ ಬರುವುದಿಲ್ಲ, ಪ್ಯಾನೆಲ್ ನಂಬರೇ ಎಲ್ಲ. ಮೇನ್ ಬೋರ್ಡಿನಿಂದ ಪ್ಯಾನೆಲ್‌ಗೆ ಹೋಗುವ ಎಲ್‌ವಿಡಿಎಸ್ ಕೇಬಲ್‌ನಲ್ಲಿ ಬರುವ ವೋಲ್ಟೇಜ್ ಕೆಲವಕ್ಕೆ 3.3, ಕೆಲವಕ್ಕೆ 5, ಕೆಲವಕ್ಕೆ 12. ಹಲವು ಬಗೆಯ ಟಿ.ವಿ.ಗೆ ಹೊಂದಿಸಬಹುದಾದ ಯೂನಿವರ್ಸಲ್ ಬೋರ್ಡುಗಳಲ್ಲಿ ಇದನ್ನು ಒಂದು ಪುಟ್ಟ ಜಂಪರ್‌ನಿಂದ ಆರಿಸುತ್ತಾರೆ. 5 ವೋಲ್ಟ್ ಪ್ಯಾನೆಲ್‌ಗೆ 12 ಕೊಟ್ಟರೆ ಚೆನ್ನಾಗಿದ್ದ ಪ್ಯಾನೆಲ್ ಆ ಕ್ಷಣವೇ ಹೋಯಿತು. ಹಾಗಾಗಿ ಬೋರ್ಡು ಬಿಚ್ಚಿದ ಕೂಡಲೇ ಅದರ ಮೇಲೆ ಕಾಗದದ ಟೇಪ್ ಅಂಟಿಸಿ ಟಿ.ವಿ. ಮಾಡೆಲ್, ಅಚ್ಚಿನ ನಂಬರ್, ಸ್ಟಿಕ್ಕರ್ ನಂಬರ್, ಪ್ಯಾನೆಲ್ ನಂಬರ್, ಬಿಚ್ಚಿದ ದಿನಾಂಕ ಇಷ್ಟನ್ನೂ ಬರೆಯಬೇಕು. ಇದಕ್ಕೆ ಎರಡು ನಿಮಿಷ ಸಾಕು. ಬರೆಯದೆ ಬಿಟ್ಟ ಬೋರ್ಡು ಆರು ತಿಂಗಳಾದ ಮೇಲೆ ಯಾವ ಪ್ಯಾನೆಲ್‌ನದೆಂದು ಯಾರಿಗೂ ತಿಳಿಯುವುದಿಲ್ಲ. ಕೊನೆಗೆ ಅದೂ ತಕ್ಕಡಿಗೇ ಹೋಗುತ್ತದೆ.

ಬಿಚ್ಚುವ ಕೆಲಸಕ್ಕೆ ಬರೋಣ. ಪ್ಲಗ್ ತೆಗೆದು, ದಪ್ಪ ಕಂಬಳಿ ಹಾಸಿ ಟಿ.ವಿ.ಯನ್ನು ಬೋರಲು ಮಲಗಿಸಬೇಕು. ಪ್ಲಾಸ್ಟಿಕ್‌ಗೆ ಕಚ್ಚುವ ಸ್ಕ್ರೂ ಬೇರೆ, ಸ್ಟ್ಯಾಂಡಿನ ಸ್ಕ್ರೂ ಬೇರೆ, ಎರಡನ್ನೂ ಒಂದೇ ಬಟ್ಟಲಿಗೆ ಹಾಕಬಾರದು. ಮುಚ್ಚಳ ತೆಗೆದ ಕೂಡಲೇ ಫೋನಿನಲ್ಲಿ ಒಂದು ಫೋಟೋ, ಆಮೇಲೆ ಪವರ್ ಬೋರ್ಡಿನಲ್ಲಿ ಚಾರ್ಜ್ ಹಿಡಿದಿಡುವ ದೊಡ್ಡ ಕಂಡೆನ್ಸರ್ ಕಡೆ ಗಮನ. 400 ಅಥವಾ 450 ವೋಲ್ಟ್ ಎಂದು ಬರೆದಿರುವ ಆ ಡಬ್ಬಿಯಲ್ಲಿ, 230 ವೋಲ್ಟ್ ಎಸಿ ರೆಕ್ಟಿಫೈ ಆಗಿ ಸುಮಾರು 325 ವೋಲ್ಟ್ ಡಿಸಿ ನಿಂತಿರುತ್ತದೆ. ದೊಡ್ಡ ಟಿ.ವಿ.ಗಳಲ್ಲಿ 380-400ರವರೆಗೂ ಇರುತ್ತದೆ. ಬೋರ್ಡು ಸರಿಯಿದ್ದರೆ ಅದು ತಾನಾಗಿ ಇಳಿಯುತ್ತದೆ. ಪವರ್ ಭಾಗ ಸತ್ತ ಬೋರ್ಡಿನಲ್ಲಿ ಇಳಿಸುವ ದಾರಿಯೇ ಮುಚ್ಚಿ, ಚಾರ್ಜ್ ಬಹಳ ಹೊತ್ತು ಉಳಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಎರಡೂ ಕಾಲು ಮುಟ್ಟಿಸಿ ‘ಟಪ್’ ಅನ್ನಿಸುವ ಅಭ್ಯಾಸ ಬಿಡಬೇಕು. ಕಿಡಿ ಹಾರಿ ಬೋರ್ಡಿನ ತಾಮ್ರದ ಗೆರೆ ಕರಗುತ್ತದೆ, ಕಣ್ಣಿಗೂ ಅಪಾಯ. 2 ಕಿಲೋಓಮ್‌ನ 10 ವಾಟ್ ವೈರ್‌ವೌಂಡ್ ರೆಸಿಸ್ಟರ್‌ಗೆ ಎರಡು ಇನ್ಸುಲೇಟೆಡ್ ತಂತಿ ಬೆಸೆದುಕೊಂಡು ಎರಡು-ಮೂರು ಸೆಕೆಂಡ್ ಹಿಡಿದರೆ 100 ಮೈಕ್ರೋಫ್ಯಾರಡ್ ಕಂಡೆನ್ಸರ್ ಪೂರ್ತಿ ಖಾಲಿಯಾಗುತ್ತದೆ. ಆಮೇಲೂ ಮೀಟರ್‌ನಲ್ಲಿ ನೋಡಿಯೇ ಕೈ ಹಾಕಬೇಕು. ಅಳೆಯುವಾಗ ಮೀಟರ್‌ನ ಎರಡೂ ಕಡ್ಡಿ ಅದೇ ಕಂಡೆನ್ಸರ್‌ನ ಕಾಲುಗಳ ಮೇಲಿರಬೇಕು. ತಗಡಿನ ಅರ್ತ್‌ನಿಂದ ಅಳೆದರೆ ಸುಳ್ಳು ಓದು ಬರುತ್ತದೆ.

ಚಪ್ಪಟೆ ಕೇಬಲ್‌ಗಳ ಕನೆಕ್ಟರ್‌ನಲ್ಲಿ ಪುಟ್ಟ ಕೊಂಡಿ ಇರುತ್ತದೆ. ಕೆಲವನ್ನು ಉಗುರಿನಿಂದ ಎತ್ತಬೇಕು, ಕೆಲವಕ್ಕೆ ಎರಡೂ ಪಕ್ಕ ಒತ್ತಬೇಕು. ಎಳೆದು ಕಿತ್ತರೆ ಕೊಂಡಿ ಮುರಿಯುತ್ತದೆ. ಕೊಂಡಿ ಮುರಿದ ಮೇನ್ ಬೋರ್ಡನ್ನು ಅರ್ಧ ಬೆಲೆಗೂ ಯಾರೂ ಕೇಳುವುದಿಲ್ಲ.

ಪರೀಕ್ಷೆ ಮಾಡದ ಬೋರ್ಡನ್ನು ‘ವರ್ಕಿಂಗ್’ ಎಂದು ಮಾರುವುದು ಈ ವೃತ್ತಿಗೇ ಮಾಡುವ ದ್ರೋಹ. ಪವರ್ ಬೋರ್ಡನ್ನು ಬೇರೆ ಬೋರ್ಡುಗಳಿಗೆ ಜೋಡಿಸದೆ ಪ್ರತ್ಯೇಕವಾಗಿ ಪರೀಕ್ಷಿಸಬಹುದು. ಮೊದಲು 60ರಿಂದ 100 ವಾಟ್‌ನ ಫಿಲಮೆಂಟ್ ಬಲ್ಬ್ ಸೀರೀಸ್‌ನಲ್ಲಿ ಹಾಕಿ ಕರೆಂಟ್ ಕೊಡಬೇಕು. ಬಲ್ಬ್ ಒಂದು ಕ್ಷಣ ಮಿಂಚಿ ಮಂಕಾದರೆ ಶಾರ್ಟ್ ಇಲ್ಲ, ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಆಮೇಲೆ ಟಿ.ವಿ. ರಿಮೋಟಿನಿಂದ ಆಫ್ ಆಗಿದ್ದಾಗಲೂ ಇರಬೇಕಾದ 5 ವೋಲ್ಟ್ ಸ್ಟ್ಯಾಂಡ್‌ಬೈ ಬಂದಿದೆಯೇ ನೋಡಿ, ಅದರಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ ಪವರ್-ಆನ್ ಪಿನ್‌ಗೆ ಕೊಟ್ಟರೆ 12, 24 ವೋಲ್ಟ್ ಬರಬೇಕು. ಕೆಲವು ಬೋರ್ಡುಗಳಲ್ಲಿ ಸ್ಟ್ಯಾಂಡ್‌ಬೈ ಪ್ರತ್ಯೇಕವಾಗಿ ಇರುವುದೇ ಇಲ್ಲ, 12 ವೋಲ್ಟ್ ಸದಾ ಇರುತ್ತದೆ. ಬ್ಯಾಕ್‌ಲೈಟ್ ಔಟ್‌ಪುಟ್ ನೋಡುವಾಗ ಎಲ್‌ಇಡಿ ಪಟ್ಟಿ ಜೋಡಿಸಿಯೇ ನೋಡಬೇಕು. ಲೋಡ್ ಇಲ್ಲದಿದ್ದರೆ ವೋಲ್ಟೇಜ್ ಏರಿ ಬೋರ್ಡು ಪ್ರೊಟೆಕ್ಷನ್‌ಗೆ ಹೋಗುತ್ತದೆ, ಅಂದರೆ ತಾನಾಗಿ ನಿಲ್ಲುತ್ತದೆ, ಚೆನ್ನಾಗಿರುವ ಬೋರ್ಡು ಸತ್ತಿದೆ ಎಂದು ಮೋಸ ಹೋಗುತ್ತೇವೆ. ಟಿ-ಕಾನ್ ವಿಷಯದಲ್ಲೂ ಇಂಥದ್ದೇ ಒಂದು ಮೋಸವಿದೆ. ಪ್ಯಾನೆಲ್‌ನ ಒಂದು ಬದಿಯಲ್ಲಿ ಶಾರ್ಟ್ ಆಗಿದ್ದರೆ ಟಿ-ಕಾನ್ ಕೊಡುವ ವೋಲ್ಟೇಜ್‌ಗಳೆಲ್ಲ ಕುಸಿಯುತ್ತವೆ, ತಪ್ಪು ಟಿ-ಕಾನ್‌ನ ತಲೆಗೆ ಬರುತ್ತದೆ. ಕರೆಂಟ್ ತೆಗೆದು ಒಂದು ಬದಿಯ ಚಪ್ಪಟೆ ಕೇಬಲ್ ಕಳಚಿ, ಮತ್ತೆ ಆನ್ ಮಾಡಿದಾಗ ಅರ್ಧ ಪರದೆಯಲ್ಲಿ ಚಿತ್ರ ಬಂದರೆ ಟಿ-ಕಾನ್ ಚೆನ್ನಾಗಿದೆ ಎಂದೇ ಅರ್ಥ.

ಸ್ಮಾರ್ಟ್ ಟಿ.ವಿ.ಯ ಮೇನ್ ಬೋರ್ಡು ಮಾರುವ ಮುಂಚೆ ಇನ್ನೊಂದು ಕೆಲಸವಿದೆ. ಹಳೆಯ ಮಾಲೀಕರ ಗೂಗಲ್ ಖಾತೆ, ವೈಫೈ ಪಾಸ್‌ವರ್ಡ್, ಒಟಿಟಿ ಲಾಗಿನ್ ಎಲ್ಲ ಆ ಬೋರ್ಡಿನ ಮೆಮೊರಿಯಲ್ಲೇ ಕುಳಿತಿರುತ್ತವೆ. ಪರದೆ ಒಡೆದಿದ್ದರೆ ಮೆನು ಕಾಣುವುದಿಲ್ಲ, ರೀಸೆಟ್ ಮಾಡಲಾಗದು. ಆದ್ದರಿಂದ ಟಿ.ವಿ. ಕೊಡುವವರೇ ತಮ್ಮ ಫೋನಿನಲ್ಲಿ ಗೂಗಲ್ ಖಾತೆಯ ಸಾಧನಗಳ ಪಟ್ಟಿಗೆ ಹೋಗಿ ಆ ಟಿ.ವಿ.ಯನ್ನು ಸೈನ್ ಔಟ್ ಮಾಡಬೇಕು, ಒಟಿಟಿ ಆ್ಯಪ್‌ಗಳಲ್ಲಿಯೂ ಅಷ್ಟೇ. ಕೊಳ್ಳುವ ಮೆಕ್ಯಾನಿಕ್ ಬೋರ್ಡನ್ನು ಟೆಸ್ಟ್ ಪ್ಯಾನೆಲ್‌ಗೆ ಹಾಕಿದ ಮೊದಲ ಸಲವೇ ಫ್ಯಾಕ್ಟರಿ ರೀಸೆಟ್ ಮಾಡಲಿ.

ಎಲ್‌ಇಡಿ ಪಟ್ಟಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಂದು ರಿಪೇರಿಗೆ ಬರುವ ದೂರುಗಳಲ್ಲಿ ‘ಸೌಂಡ್ ಇದೆ, ಪಿಕ್ಚರ್ ಇಲ್ಲ’ ಎಂಬುದು ತೀರಾ ಸಾಮಾನ್ಯ. ಕತ್ತಲೆ ಕೋಣೆಯಲ್ಲಿ ಪರದೆಗೆ ಟಾರ್ಚ್ ಓರೆಯಾಗಿ ಹಿಡಿದರೆ ಮಸುಕಾಗಿ ಚಿತ್ರ ಓಡಾಡುವುದು ಕಾಣುತ್ತದೆ. ಹಾಗೆ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್ ಮಾತ್ರ. ಪಟ್ಟಿಯ ಎಲ್‌ಇಡಿಗಳು ಸೀರೀಸ್‌ನಲ್ಲಿರುವುದರಿಂದ ಒಂದು ಸುಟ್ಟು ತೆರೆದುಕೊಂಡರೆ ಸಾಲೆಲ್ಲ ಆರುತ್ತದೆ. ಇಂಥ ಒಳ್ಳೆಯ ಟಿ.ವಿ.ಗಳನ್ನೂ ಜನ ಗುಜರಿಗೆ ಹಾಕುತ್ತಿದ್ದಾರೆ ಎಂಬುದು ಸಂಕಟದ ಮಾತು. ಸುಡಲು ಮುಖ್ಯ ಕಾರಣ ಬಿಸಿ. ಬ್ಯಾಕ್‌ಲೈಟ್ ಮಟ್ಟವನ್ನು ನೂರಕ್ಕೆ ನೂರು ಇಟ್ಟು, ಕಣ್ಣು ಕುಕ್ಕುವ ‘ವಿವಿಡ್’ ಮೋಡ್‌ನಲ್ಲಿ ದಿನಕ್ಕೆ ಹತ್ತು ಗಂಟೆ ಓಡಿಸಿದರೆ ಎಲ್‌ಇಡಿ ಬಾಳುವುದು ಹೇಗೆ? 60-70ಕ್ಕೆ ಇಳಿಸಿದರೆ ಮನೆಯೊಳಗೆ ವ್ಯತ್ಯಾಸವೂ ಅಷ್ಟಾಗಿ ತಿಳಿಯುವುದಿಲ್ಲ.

ಒಡೆದ ಟಿ.ವಿ.ಯಿಂದ ಪಟ್ಟಿ ತೆಗೆಯುವಾಗ ಮೊದಲು ಗಾಜು, ಆಮೇಲೆ ಹಾಳೆಗಳು, ಆಮೇಲೆ ಬಿಳಿ ಹಾಳೆಯ ಕೆಳಗಿನ ಪಟ್ಟಿ. ಒಡೆದ ಗಾಜಿಗೆ ದಪ್ಪ ಕೈಗವಸು ಬೇಕೇ ಬೇಕು. ಬೆಳಕು ಹರಡುವ ಡಿಫ್ಯೂಸರ್ ಹಾಳೆಗಳನ್ನು ಬಂದ ಕ್ರಮದಲ್ಲೇ ಒಟ್ಟಿಗೆ ಹಿಡಿದು ಇಡಬೇಕು, ಬೆರಳಿನ ಗುರುತು ಬೀಳಬಾರದು. ಬೇರೊಬ್ಬರ ಟಿ.ವಿ.ಯಲ್ಲಿ ಹಾಳೆ ಸುಟ್ಟು ಹಳದಿಯಾಗಿದ್ದರೆ ಇವು ಬೇಕಾಗುತ್ತವೆ. ಪಟ್ಟಿಯ ಒಂದೊಂದು ಎಲ್‌ಇಡಿ 3 ವೋಲ್ಟ್‌ನದೋ 6 ವೋಲ್ಟ್‌ನದೋ ಎಂದು ಎಲ್‌ಇಡಿ ಟೆಸ್ಟರ್‌ನಿಂದ ನೋಡಿ ಬರೆದಿಡಬೇಕು. ಹತ್ತು ಎಲ್‌ಇಡಿಯ ಪಟ್ಟಿ 3 ವೋಲ್ಟ್‌ನದಾದರೆ 30-33, 6 ವೋಲ್ಟ್‌ನದಾದರೆ 60-65 ವೋಲ್ಟ್ ತೋರಿಸುತ್ತದೆ. ಉದ್ದ, ಎಲ್‌ಇಡಿಗಳ ಸಂಖ್ಯೆ, ಸ್ಕ್ರೂ ರಂಧ್ರದ ಜಾಗ ಮೂರೂ ಹೊಂದಬೇಕು. ಒಂದು ಟಿ.ವಿ.ಗೆ ಒಂದೇ ಸೆಟ್ ಹಾಕಬೇಕು. ಹಳೆಯ ಎರಡರ ನಡುವೆ ಹೊಸದೊಂದು ಸೇರಿಸಿದರೆ ಪರದೆಯಲ್ಲಿ ಆ ಸಾಲು ಮಾತ್ರ ಬೇರೆಯಾಗಿ, ಪಟ್ಟೆಯಂತೆ ಕಾಣುತ್ತದೆ.

ಪರದೆಯ ಮೇಲೆ ಅಲ್ಲಲ್ಲಿ ಬೆಳದಿಂಗಳ ತುಣುಕಿನಂತೆ ಬಿಳಿ ಚುಕ್ಕೆ ಕಂಡರೆ ಅದು ಪ್ಯಾನೆಲ್ ದೋಷವಲ್ಲ. ಎಲ್‌ಇಡಿ ಮೇಲಿನ ಪುಟ್ಟ ಲೆನ್ಸ್ ಅಂಟು ಒಣಗಿ ಉದುರಿದೆ. ಒಡೆದ ಟಿ.ವಿ.ಯ ಪಟ್ಟಿಯಿಂದ ಇಂಥ ಲೆನ್ಸ್‌ಗಳನ್ನು ತೆಗೆದಿಟ್ಟುಕೊಳ್ಳಬಹುದು. ಅಂಟಿಸಲು ಫೆವಿಕ್ವಿಕ್ ಬಳಸಬೇಡಿ. ಅದರ ಆವಿ ಲೆನ್ಸಿನ ಮೇಲೆ ಬಿಳಿ ಪೊರೆ ಕಟ್ಟಿಸುತ್ತದೆ. ಎಪಾಕ್ಸಿಯನ್ನು ಸೂಜಿಮೊನೆಯಷ್ಟು ಲೆನ್ಸಿನ ಕಾಲುಗಳಿಗೆ ಮಾತ್ರ ಹಚ್ಚಿದರೆ ಸಾಕು.

ಬೋರ್ಡೇ ಸತ್ತಿದ್ದರೆ ಬಿಡಿಭಾಗ ಉಳಿಸಬಹುದು. ಟ್ರಾನ್ಸ್‌ಫಾರ್ಮರ್, ಕಾಯಿಲ್, ಮಾಸ್‌ಫೆಟ್, ಆಡಿಯೊ ಐಸಿ, ಆಪ್ಟೋಕಪ್ಲರ್ ಚೆನ್ನಾಗಿ ಬಾಳುತ್ತವೆ. ಹೊಸದೆಂದು ಬರುವ ನಕಲಿ ಐಸಿಗಿಂತ ಅಸಲಿ ಹಳೆಯದು ಎಷ್ಟೋ ಮೇಲು. ಸೀಸವಿಲ್ಲದ ಬೆಸುಗೆ ಸುಮಾರು 217 ಡಿಗ್ರಿಗೆ ಕರಗಿದರೆ ಸೀಸ ಬೆರೆತ ಹಳೆಯ ಬಗೆ 183ಕ್ಕೇ ಕರಗುತ್ತದೆ. ಅದಕ್ಕೇ ತೆಗೆಯುವ ಮುಂಚೆ ಕಾಲುಗಳಿಗೆ ಸ್ವಲ್ಪ ಸೀಸದ ಬೆಸುಗೆ ಸೇರಿಸಿದರೆ ಕಡಿಮೆ ಬಿಸಿಯಲ್ಲಿ ಬಿಡುತ್ತದೆ, ಭಾಗ ಬೇಯುವುದಿಲ್ಲ. ಆದರೆ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್, ಫ್ಯೂಸ್, ಕರೆಂಟ್ ಏರಿಳಿತ ತಡೆಯುವ ವೇರಿಸ್ಟರ್ ಈ ಮೂರನ್ನು ಹಳೆಯದರಿಂದ ತೆಗೆದು ಹಾಕಬಾರದು. ಕಂಡೆನ್ಸರ್ ಒಳಗೆ ಒಣಗುತ್ತಾ ಬಂದಿರುತ್ತದೆ, ವೇರಿಸ್ಟರ್ ತಿಂದ ಪ್ರತಿಯೊಂದು ಏಟಿನಿಂದಲೂ ದುರ್ಬಲವಾಗಿರುತ್ತದೆ. ಹೊಸವು ಕೆಲವೇ ರೂಪಾಯಿಗೆ ಸಿಗುವಾಗ ಮನೆಯ ಸುರಕ್ಷತೆಯಲ್ಲಿ ಉಳಿತಾಯ ಏಕೆ?

ಹಳೆಯ ಡಬ್ಬಿ ಟಿ.ವಿ.ಗಳ ಮಾತೇ ಬೇರೆ. ಅವುಗಳ ಬಿಡಿಭಾಗಕ್ಕೆ ಈಗ ಗಿರಾಕಿ ವಿರಳ. ಬಿಚ್ಚುವ ಆಸೆಯೆಲ್ಲ ಪಿಕ್ಚರ್ ಟ್ಯೂಬಿನ ಕುತ್ತಿಗೆಯ ಮೇಲಿನ ಯೋಕ್‌ಗೆ, ಅಂದರೆ ತಾಮ್ರದ ಸುರುಳಿಗೆ. ಅದಕ್ಕಾಗಿ ಆ ಕುತ್ತಿಗೆಗೆ ಹೊಡೆಯುತ್ತಾರೆ. ಒಳಗೆ ನಿರ್ವಾತವಿದೆ, ಗಾಜು ಒಳಕ್ಕೆ ಕುಸಿದು ಚೂರು ಹೊರಗೆ ಸಿಡಿಯುತ್ತದೆ. ಆಲಿಕೆಯಂಥ ಹಿಂಭಾಗದ ಗಾಜಿನಲ್ಲಿ ಸೀಸವಿದೆ, ಪರದೆಯ ಒಳಮೈಯ ಪುಡಿಯೂ ಉಸಿರಿಗೆ ಒಳ್ಳೆಯದಲ್ಲ. ಕಲರ್ ಟ್ಯೂಬಿಗೆ 20 ಸಾವಿರ ವೋಲ್ಟ್‌ಗೂ ಮೀರಿದ ಒತ್ತಡ ಬರುತ್ತದೆ. ಟ್ಯೂಬೇ ಕಂಡೆನ್ಸರ್‌ನಂತೆ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಸ್ವಿಚ್ ಆಫ್ ಆಗಿ ದಿನಗಳು ಕಳೆದರೂ ಹೊಡೆಯಬಹುದು. ಅನುಭವವಿಲ್ಲದವರು ಮುಚ್ಚಳವನ್ನೇ ತೆಗೆಯದೆ, ಇಡಿಯಾಗಿ ಅಧಿಕೃತ ಮರುಬಳಕೆದಾರರಿಗೆ ಕೊಡುವುದು ಒಳಿತು. ಎಲ್‌ಇಡಿಗೆ ಮುಂಚಿನ ಎಲ್‌ಸಿಡಿ ಟಿ.ವಿ.ಗಳ ಬ್ಯಾಕ್‌ಲೈಟಿನ ಸಣ್ಣ ಗಾಜಿನ ಕೊಳವೆಗಳಲ್ಲಿ ಪಾದರಸವಿದೆ, ಅವನ್ನೂ ಮುರಿಯಬಾರದು. ತಂತಿ ಸುಟ್ಟು ತಾಮ್ರ ತೆಗೆಯುವುದಂತೂ ಸುತ್ತಲಿನ ಮಕ್ಕಳಿಗೆ ವಿಷ ಉಣಿಸಿದಂತೆ.

ಈಗ ಸರ್ಕಾರಕ್ಕೆ ಒಂದು ಮಾತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ತಯಾರಕರು, ಉತ್ಪಾದಕರು, ರಿಫರ್ಬಿಷರ್‌ಗಳು, ಮರುಬಳಕೆದಾರರು ಎಂದು ನಾಲ್ಕು ಬಗೆಯ ನೋಂದಣಿ ಇದೆ. ಮರುಬಳಕೆದಾರರಿಗೆ ಸಿಗುವ ಪ್ರಮಾಣಪತ್ರಕ್ಕೆ ಲೆಕ್ಕ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಷ್ಟು ತೆಗೆದರು ಎಂಬುದು. ಅಂದರೆ ಅಲ್ಲಿಯೂ ತಕ್ಕಡಿಯೇ. ರಿಫರ್ಬಿಷರ್ ಎಂದರೆ ಹಳೆಯ ಉಪಕರಣವನ್ನು ದುರಸ್ತಿ ಮಾಡಿ ಅದರ ಆಯುಷ್ಯ ಹೆಚ್ಚಿಸುವವರು. ಒಡೆದ ಒಂದು ಟಿ.ವಿ.ಯಿಂದ ನಾಲ್ಕು ಬೋರ್ಡು ತೆಗೆದು ನಾಲ್ಕು ಊರಿನ ನಾಲ್ಕು ಟಿ.ವಿ.ಗಳಿಗೆ ಜೀವ ಕೊಡುವ ಸಣ್ಣ ಅಂಗಡಿಯ ಕೆಲಸ ಈ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಜಿಲ್ಲೆಗೊಂದರಂತೆ ದುರಸ್ತಿ ಅಂಗಡಿಗಳ ಸರಳ ಪಟ್ಟಿ ಮಾಡಲಿ. ನಗರಸಭೆಗಳ ಸಂಗ್ರಹ ಕೇಂದ್ರಕ್ಕೆ ಬಂದ ಟಿ.ವಿ.ಗಳನ್ನು ಒಡೆಯದೆ ಒಂದು ವಾರ ಇಟ್ಟು, ಪಟ್ಟಿಯಲ್ಲಿರುವ ಮೆಕ್ಯಾನಿಕ್‌ಗಳು ಬಂದು ರಸೀದಿ ಕೊಟ್ಟು ಬೋರ್ಡು ಬಿಚ್ಚಿಕೊಳ್ಳಲು ಬಿಡಲಿ. ಉಳಿದ ಗಾಜು, ತಗಡು, ಸತ್ತ ಬೋರ್ಡು ಆಮೇಲೆ ಮರುಬಳಕೆದಾರರಿಗೆ ಹೋಗಲಿ, ಅವರಿಗೂ ನಷ್ಟವಿಲ್ಲ.

ಬೋರ್ಡು ಮಾರುವ ಅಂಗಡಿಯವರು ಕೊಳ್ಳುವವರಿಗೆ ಏನು ಪರೀಕ್ಷಿಸಿದೆ, ಏನು ಪರೀಕ್ಷಿಸಿಲ್ಲ ಎಂದು ಬಿಲ್ಲಿನಲ್ಲೇ ಬರೆಯಬೇಕು. ಎರಡು ಎಚ್‌ಡಿಎಂಐಗಳಲ್ಲಿ ಒಂದು ಕೆಲಸ ಮಾಡದಿದ್ದರೆ ಅದನ್ನೂ ಹೇಳಿ ಬೆಲೆ ಇಳಿಸಬೇಕು. ಹದಿನೈದು ದಿನದ ವಾಪಸಾತಿ ಕೊಟ್ಟು, ಬೋರ್ಡಿನ ಒಂದು ಮೂಲೆಗೆ ತಮ್ಮ ಗುರುತಿನ ಬಣ್ಣ ಹಚ್ಚಿಟ್ಟರೆ ಬೇರೆ ಬೋರ್ಡು ವಾಪಸ್ ಬರುವ ಜಗಳವೂ ಇರುವುದಿಲ್ಲ. ಬಸ್ ಪಾರ್ಸೆಲ್‌ನಲ್ಲಿ ಕಳಿಸುವಾಗ ಥರ್ಮಾಕೋಲ್ ಮತ್ತು ಮಾಮೂಲಿ ಪ್ಲಾಸ್ಟಿಕ್ ಕವರ್ ಬೋರ್ಡಿಗೆ ನೇರ ತಾಗಬಾರದು, ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ ಐಸಿಗಳನ್ನು ಕೊಲ್ಲುತ್ತದೆ. ಆ್ಯಂಟಿಸ್ಟಾಟಿಕ್ ಕವರ್ ಇಲ್ಲದಿದ್ದರೆ ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿ ಅಲುಗಾಡದಂತೆ ಇಟ್ಟರೆ ಸಾಕು.

ಟಿ.ವಿ. ಕಂಪನಿಗಳಿಂದ ಕೇಳುವುದು ಒಂದೇ. ಹಿಂಬದಿ ಮುಚ್ಚಳದ ಹೊರಗಿನ ಸ್ಟಿಕ್ಕರ್‌ನಲ್ಲಿ ಮಾಡೆಲ್ ನಂಬರಿನ ಕೆಳಗೆ ಪ್ಯಾನೆಲ್ ನಂಬರನ್ನೂ ಅಚ್ಚು ಮಾಡಿ. ಆಗ ಟಿ.ವಿ. ಕೊಡುವ ಮನೆಯವರು ಮುಚ್ಚಳ ಬಿಚ್ಚದೆಯೇ ಆ ಸ್ಟಿಕ್ಕರ್‌ನ ಫೋಟೋ ಕಳಿಸಬಹುದು. ಸಿಂಧನೂರಿನ ಮೆಕ್ಯಾನಿಕ್ ಅದನ್ನು ತನ್ನ ಮೇಜಿನ ಮೇಲಿನ ಟಿ.ವಿ.ಯ ಸ್ಟಿಕ್ಕರ್ ಪಕ್ಕದಲ್ಲಿಟ್ಟು ನೋಡಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಅಲ್ಲೇ ಹೇಳಬಹುದು.

ಇಂತಿ,
ಟಿ.ವಿ. ದುರಸ್ತಿ ವೃತ್ತಿಯವನು, ತುಮಕೂರು